ಹಳೆಯ ಲೇಖನಿಗಳ ಸಾಕ್ಷ್ಯ

ವಸ್ತುಗಳನ್ನು ಸಂಗ್ರಹಿಸುವವರಲ್ಲಿ ಎರಡು ಬಗೆಯುಂಟು. ಕೆಲವರು ಬೆಲೆಗಾಗಿ ಕೂಡಿಡುವರು. ಕೆಲವರು ಅರಿವಿಗಾಗಿ ಕೂಡಿಡುವರು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ಈಗ ವಿಶ್ರಾಂತನಾಗಿರುವ ನನ್ನಂಥವನಿಗೆ ಮೊದಲನೆಯ ಪಂಗಡಕ್ಕೆ ಸೇರುವಷ್ಟು ದ್ರವ್ಯಾನುಕೂಲವಿಲ್ಲ. ನನ್ನ ಮೇಜಿನ ಸೆಳೆಖಾನೆಯಲ್ಲಿರುವುದು ಅರವತ್ತಕ್ಕೆ ಸಮೀಪದ ಹಳೆಯ ಫೌಂಟನ್ ಪೆನ್ನುಗಳು, ಇಪ್ಪತ್ತಕ್ಕೆ ಮೀರದ ತಿರುಪು ಪೆನ್ಸಿಲುಗಳು. ಇವುಗಳಲ್ಲಿ ಹೆಚ್ಚಿನವು ಗುಜರಿಯ ಅಂಗಡಿಯಿಂದಲೂ, ಮನೆಗೆ ಸುಣ್ಣ ಬಳಿಸುವಾಗ ಅಟ್ಟವನ್ನು ಬರಿದುಮಾಡಿದ ಸ್ನೇಹಿತರಿಂದಲೂ ಬಂದವು. "ಇಷ್ಟು ಪೆನ್ನುಗಳನ್ನಿಟ್ಟುಕೊಂಡು ಏನು ಬರೆಯುವಿರಿ?" ಎಂದು ಕೇಳುವವರುಂಟು. ಬರೆಯುವುದಕ್ಕೆ ಒಂದೇ ಸಾಕು. ಉಳಿದವು ಇರುವುದು ಪರೀಕ್ಷೆಗಾಗಿ: ಇದು ಯಾವುದು, ಯಾವ ಕಾಲದ್ದು, ಯಾರ ಕೈಯಲ್ಲಿ ಸವೆದದ್ದು ಎಂಬುದನ್ನು ತಿಳಿಯುವುದಕ್ಕಾಗಿ.

ಈ ಪರೀಕ್ಷೆಗೆ ಹೊಸ ವಿದ್ಯೆಯೇನೂ ಬೇಕಿಲ್ಲ. ಬಾಲ್ಯದಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಪ್ರಮಾಣಗಳು ನಾಲ್ಕೆಂಬುದು ನೆನಪಿರುವುದು. ಕಣ್ಣು ಮೂಗುಗಳಿಗೆ ನೇರವಾಗಿ ತೋರುವುದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ. ಬಲ್ಲದ್ದರ ಹೋಲಿಕೆಯಿಂದ ಅರಿಯದುದನ್ನು ಗುರುತಿಸುವುದು ಉಪಮಾನ. ನಂಬತಕ್ಕವರ ಮಾತು ಶಬ್ದ. ಹಳೆಯ ಪೆನ್ನೊಂದು ಕೈಗೆ ಬಂದಾಗ ನಾನು ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಪ್ರಯೋಗಿಸುವೆನು. ಕ್ರಮ ತಪ್ಪಿಸಿ ಶಬ್ದದಿಂದಲೇ ತೊಡಗುವವರು, ಎಂದರೆ "ಇದು ಇಂಥವರದಂತೆ" ಎಂಬ ಮಾತನ್ನು ಮೊದಲು ನಂಬಿ ಆಮೇಲೆ ವಸ್ತುವನ್ನು ನೋಡುವವರು, ತಾವು ಕಾಣಬೇಕೆಂದು ಬಯಸಿದ್ದನ್ನೇ ಕಾಣುವರು.

ಪ್ರತ್ಯಕ್ಷದಲ್ಲಿ ಮೊದಲನೆಯದು ದ್ರವ್ಯ. ರಬ್ಬರಿಗೆ ಗಂಧಕವನ್ನು ಹೆಚ್ಚಾಗಿ ಬೆರೆಸಿ ಕಾಯಿಸಿದರೆ ಅದು ಕೊಂಬಿನಂತೆ ಗಟ್ಟಿಯಾಗುವುದು, ಇದೇ ಎಬೊನೈಟ್. ಮೊದಲ ಕಾಲದ ಪೆನ್ನುಗಳಲ್ಲಿ ಬಹುಪಾಲು ಇದರಿಂದಾದವು. ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ ಮೂಗಿಗೆ ಹಿಡಿದರೆ ಗಂಧಕದ ವಾಸನೆ ಬರುವುದು. ಬಿಸಿಲಿಗೂ ನೀರಿಗೂ ಸಿಕ್ಕಿದ ಕರಿಯ ಎಬೊನೈಟ್ ಕಾಲಕ್ರಮದಲ್ಲಿ ಹಸುರು ಬೆರೆತ ಕಂದುಬಣ್ಣಕ್ಕೆ ತಿರುಗುವುದು. ಮುಚ್ಚಳದ ಮರೆಯಲ್ಲಿದ್ದ ಭಾಗ ಕಪ್ಪಾಗಿಯೂ ಹೊರಗಿನದು ಕಂದಾಗಿಯೂ ಇದ್ದರೆ ಆ ಮುಚ್ಚಳವೂ ಒಡಲೂ ಬಹುಕಾಲ ಜೊತೆಯಾಗಿಯೇ ಇದ್ದವೆಂದು ತಿಳಿಯಬಹುದು. ಎರಡನೆಯದು ಸೆಲ್ಯುಲಾಯ್ಡ್. ೧೯೨೦ರ ದಶಕದಲ್ಲಿ ಬಣ್ಣಬಣ್ಣದ, ಮುತ್ತಿನ ಹೊಳಪಿನ ಪೆನ್ನುಗಳು ಬಂದದ್ದು ಇದರಿಂದ. ಉಜ್ಜಿದರೆ ಕರ್ಪೂರದ ವಾಸನೆ. ಏಕೆಂದರೆ ಅದರ ಪಾಕದಲ್ಲಿಯೇ ಕರ್ಪೂರವಿರುವುದು. ಕರ್ಪೂರದಂತೆಯೇ ಬೇಗನೆ ಹೊತ್ತಿಕೊಳ್ಳುವ ಸ್ವಭಾವವೂ ಅದಕ್ಕುಂಟು. ಆದ್ದರಿಂದ ಕಾಯಿಸಿದ ಸೂಜಿಯನ್ನು ಚುಚ್ಚಿ ಪರೀಕ್ಷಿಸುವ ಸಾಹಸವನ್ನು ಯಾರೂ ಮಾಡಕೂಡದು. ಮೂರನೆಯದು ಹಾಲಿನ ಸತ್ತ್ವದಿಂದ ಮಾಡಿದ ಕೇಸಿನ್. ಇಂಗ್ಲೆಂಡಿನ ಕಾನ್ವೇ ಸ್ಟೂವರ್ಟ್ ಕಂಪೆನಿಯವರ ಅನೇಕ ಪೆನ್ನುಗಳು ಇದರಿಂದಾದವು. ನೋಡಲು ಬಹು ಸುಂದರ. ಆದರೆ ನೀರಿನಲ್ಲಿ ನೆನೆಹಾಕಿದರೆ ಉಬ್ಬಿ ಬಿರುಕುಬಿಡುವುದು.

ನಿಬ್ಬಿನ ಮೇಲಿನ ಬರೆಹವೂ ಪ್ರತ್ಯಕ್ಷವೇ. ಹದಿನಾಲ್ಕು ಕ್ಯಾರೆಟ್ ಎಂದಿದ್ದರೆ ಸಾವಿರ ಪಾಲಿನಲ್ಲಿ ೫೮೫ ಪಾಲು ಚಿನ್ನ, ಹದಿನೆಂಟಾದರೆ ೭೫೦. ಚಿನ್ನ ಮೃದುವಾದ್ದರಿಂದ ಕಾಗದವನ್ನು ಮುಟ್ಟುವ ತುದಿಗೆ ಆಸ್ಮಿಯಂ, ಇರಿಡಿಯಂ ಮುಂತಾದ ಕಠಿನ ಲೋಹಗಳ ಮಿಶ್ರಣದ ಒಂದು ಕಣವನ್ನು ಬೆಸೆದಿರುವರು. "ವಾರಂಟೆಡ್" ಎಂಬ ಪದವೊಂದೇ ಇದ್ದರೆ ಅದರಿಂದ ತಯಾರಕರು ಯಾರೆಂದು ತಿಳಿಯದು. ಅಂಥ ನಿಬ್ಬುಗಳನ್ನು ಅನೇಕರು ಕೊಂಡು ತಮ್ಮ ತಮ್ಮ ಪೆನ್ನುಗಳಿಗೆ ಹಾಕುತ್ತಿದ್ದರು. ಅಲ್ಲದೆ ನಿಬ್ಬು ಬದಲಾಗಬಲ್ಲ ಅಂಗ. ಹೊಸ ಕಳಶವಿಟ್ಟ ಮಾತ್ರಕ್ಕೆ ಗುಡಿ ಹೊಸದಾಗದು. ಹಳೆಯ ನಿಬ್ಬಿಟ್ಟ ಮಾತ್ರಕ್ಕೆ ಪೆನ್ನು ಹಳೆಯದಾಗದು.

ಇನ್ನು ಅನುಮಾನ. ಸಂಸ್ಕೃತ ಕವಿಗಳ ಕಾಲವನ್ನು ನಿರ್ಣಯಿಸುವ ವಿದ್ವಾಂಸರು ಅನುಸರಿಸುವ ಸೂತ್ರವೊಂದುಂಟು. ಒಂದು ಗ್ರಂಥದಲ್ಲಿ ಬಾಣನ ಹೆಸರು ಬಂದರೆ ಆ ಗ್ರಂಥ ಬಾಣನಿಗಿಂತ ಈಚಿನದು. ಬಾಣನು ಹರ್ಷನ ಆಸ್ಥಾನದವನಾದ್ದರಿಂದ ಅದು ಏಳನೆಯ ಶತಮಾನಕ್ಕಿಂತ ಹಿಂದಿನದಾಗಲಾರದು. ಪೆನ್ನಿಗೂ ಇದೇ ನ್ಯಾಯ. ಅದರಲ್ಲಿ ಹುಟ್ಟಿನಿಂದ ಇರುವ ಭಾಗಗಳಲ್ಲಿ ಅತ್ಯಂತ ಈಚೆಗೆ ಕಂಡುಹಿಡಿದದ್ದು ಯಾವುದೋ, ಅದಕ್ಕಿಂತ ಆ ಪೆನ್ನು ಹಳೆಯದಾಗಿರುವುದು ಅಸಾಧ್ಯ.

ಈ ವಿಷಯದಲ್ಲಿ ನೆರವಾಗುವುದು ಮಸಿ ತುಂಬುವ ಕ್ರಮ. ೧೮೮೪ರಲ್ಲಿ ಅಮೆರಿಕದ ಲೂಯಿ ವಾಟರ್‌ಮನ್ ತನ್ನ ಪೇಟೆಂಟನ್ನು ಪಡೆದನು. ಮಸಿ ಇಳಿಯಬೇಕಾದರೆ ಅದರ ಸ್ಥಳಕ್ಕೆ ಗಾಳಿ ಒಳಹೋಗಬೇಕು. ಗಾಳಿ ಹೆಚ್ಚಾಗಿ ಹೋದರೆ ಮಸಿ ಒಮ್ಮೆಗೇ ಸುರಿಯುವುದು. ನಿಬ್ಬಿನ ಕೆಳಗಣ ನಾಲಗೆಯಲ್ಲಿ ಕೂದಲೆಳೆಯಂಥ ಸೀಳುಗಳನ್ನು ಮಾಡಿ ಈ ಕೊಡುಕೊಳೆಯನ್ನು ಹದಕ್ಕೆ ತಂದದ್ದೇ ಅವನ ಸಾಧನೆ. ಆ ಕಾಲದ ಪೆನ್ನುಗಳಿಗೆ ಪಿಚಕಾರಿಯಿಂದ ತೊಟ್ಟುತೊಟ್ಟಾಗಿ ಮಸಿಯನ್ನು ತುಂಬಬೇಕಾಗಿತ್ತು. ಅಯೋವಾ ಪ್ರಾಂತದ ಫೋರ್ಟ್ ಮ್ಯಾಡಿಸನ್ ಊರಿನ ಆಭರಣ ವ್ಯಾಪಾರಿ ವಾಲ್ಟರ್ ಶೀಫರ್ ೧೯೦೮ರಲ್ಲಿ ಸನ್ನೆಯ ಕ್ರಮಕ್ಕೆ ಪೇಟೆಂಟ್ ಪಡೆದನು. ಒಡಲಿನ ಪಕ್ಕದ ಪುಟ್ಟ ಸನ್ನೆಯನ್ನೆತ್ತಿದರೆ ಒಳಗಿನ ರಬ್ಬರ್ ಚೀಲ ಅಮುಕಿಕೊಳ್ಳುವುದು, ಬಿಟ್ಟರೆ ಮಸಿಯನ್ನು ಹೀರುವುದು. ಆದ್ದರಿಂದ ಶೀಫರ್ ಹೆಸರಿನ ಸನ್ನೆಯ ಪೆನ್ನನ್ನು ತೋರಿಸಿ ೧೯೦೦ರದ್ದೆಂದು ಯಾರಾದರೂ ಹೇಳಿದರೆ ವಾದಕ್ಕೆ ಅವಕಾಶವೇ ಇಲ್ಲ. ೧೯೨೧ರಲ್ಲಿ ಪಾರ್ಕರ್ ಕಂಪೆನಿಯ ದಪ್ಪನೆಯ ಕೆಂಪು ಡ್ಯುಯೊಫೋಲ್ಡ್ ಬಂದಿತು. ೧೯೩೩ರಲ್ಲಿ ಚೀಲವಿಲ್ಲದ ವ್ಯಾಕ್ಯುಮ್ಯಾಟಿಕ್. ೧೯೪೧ರಲ್ಲಿ ನಿಬ್ಬನ್ನು ಮುಸುಕಿನೊಳಗೆ ಅಡಗಿಸಿಕೊಂಡ "ಪಾರ್ಕರ್ ೫೧". ೧೯೪೮ರಲ್ಲಿ ಅದೇ ಪೆನ್ನಿಗೆ ಲೋಹದ ಕವಚದೊಳಗಿನ ಒತ್ತುಪಟ್ಟಿಯ ಹೊಸ ಕ್ರಮ. ಈ ಐದಾರು ವರ್ಷಗಳನ್ನು ನೆನಪಿನಲ್ಲಿಟ್ಟವನು ಅರ್ಧ ಪರೀಕ್ಷಕನಾದಂತೆಯೇ.

ಪಾರ್ಕರ್ ಎಂದೊಡನೆ ಒಂದು ಮಾತು. ಆ ಕಂಪೆನಿಯ ಮೂಲಪುರುಷ ಜಾರ್ಜ್ ಪಾರ್ಕರ್ ನಮ್ಮ ಕಸುಬಿನವನು. ವಿಸ್ಕಾನ್ಸಿನ್ ಪ್ರಾಂತದ ಜೇನ್ಸ್‌ವಿಲ್ ಊರಿನಲ್ಲಿ ತಂತಿವಿದ್ಯೆಯನ್ನು ಕಲಿಸುವ ಉಪಾಧ್ಯಾಯನಾಗಿದ್ದನು. ಸಂಬಳ ಸಾಲದೆ ಶಿಷ್ಯರಿಗೆ ಬೇರೆ ಕಂಪೆನಿಯ ಪೆನ್ನುಗಳನ್ನು ಮಾರುತ್ತಿದ್ದನು. ಅವು ಸೋರಿದಾಗ ತಾನೇ ಕುಳಿತು ರಿಪೇರಿ ಮಾಡಿಕೊಡುತ್ತಿದ್ದನು. ರಿಪೇರಿಯಿಂದ ದೋಷದ ಮೂಲವನ್ನರಿತು ೧೮೮೯ರಲ್ಲಿ ತನ್ನದೇ ಪೇಟೆಂಟ್ ಪಡೆದನು. ತಾನು ಮಾರಿದ ವಸ್ತುವಿನ ಹೊಣೆಯನ್ನು ತಾನೇ ಹೊತ್ತುಕೊಂಡ ಮೇಷ್ಟರೊಬ್ಬರಿಂದ ಲೋಕಕ್ಕೆ ಒಳ್ಳೆಯ ಪೆನ್ನು ದೊರೆಯಿತೆಂಬುದು ನನಗೆ ಸಂತೋಷದ ವಿಷಯ.

ಉಪಮಾನಕ್ಕೆ ಶಾಸ್ತ್ರದಲ್ಲಿ ಕೊಡುವ ಉದಾಹರಣೆ ಗವಯ. ಹಸುವನ್ನು ಹೋಲುವ ಕಾಡುಮೃಗವೇ ಗವಯವೆಂದು ಕೇಳಿದವನು ಅಡವಿಯಲ್ಲಿ ಅದನ್ನು ಕಂಡು ಗುರುತಿಸುವನು. ಆದರೆ ಗವಯವನ್ನೇ ಹಸುವೆಂದು ತಿಳಿಯಕೂಡದಷ್ಟೆ! ನಮ್ಮ ಮನೆಗಳಲ್ಲಿ "ಪಾರ್ಕರ್" ಎಂದು ಹೊರಬರುವ ಮುಸುಕಿನ ಪೆನ್ನುಗಳಲ್ಲಿ ಹಲವು ಚೀನಾ ದೇಶದ ಶಾಂಘಾಯಿ ನಗರದ "ಹೀರೋ" ಪೆನ್ನುಗಳು. ಅವುಗಳ ರೂಪ ಪಾರ್ಕರ್ ೫೧ರ ಅನುಕರಣವೇ. ಕನ್ನಡಕ ಹಾಕಿಕೊಂಡು ಮುಚ್ಚಳದ ಮೇಲಿನ ಹೆಸರನ್ನು ಓದಿದರೆ ಸಂಶಯ ಪರಿಹಾರವಾಗುವುದು. ಹೀರೋ ಎಂದ ಮಾತ್ರಕ್ಕೆ ಅದನ್ನು ತಾತ್ಸಾರ ಮಾಡಬೇಕಾಗಿಲ್ಲ. ಎಷ್ಟೋ ಮಕ್ಕಳು ಪರೀಕ್ಷೆಗಳನ್ನು ಬರೆದು ಪಾಸಾದದ್ದು ಅದರಿಂದಲೇ.

ತಿರುಪು ಪೆನ್ಸಿಲುಗಳದು ಇನ್ನೂ ಹಳೆಯ ವಂಶ. ೧೮೨೨ರಲ್ಲಿ ಇಂಗ್ಲೆಂಡಿನ ಸ್ಯಾಂಪ್ಸನ್ ಮಾರ್ಡನ್ ಮತ್ತು ಜಾನ್ ಐಸಾಕ್ ಹಾಕಿನ್ಸ್ ಎಂಬವರು ಸೀಸದ ಕಡ್ಡಿಯನ್ನು ಮುಂದಕ್ಕೆ ನೂಕುವ ಪೆನ್ಸಿಲಿಗೆ ಪೇಟೆಂಟ್ ಪಡೆದರು. ಮಾರ್ಡನ್ ಕಂಪೆನಿಯ ಬೆಳ್ಳಿಯ ಪೆನ್ಸಿಲುಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಬಂದವು; ೧೯೪೧ರ ಬಾಂಬು ದಾಳಿಯಲ್ಲಿ ಲಂಡನ್ನಿನ ಆ ಕಾರ್ಖಾನೆ ನಾಶವಾಯಿತು. ಇಂಗ್ಲೆಂಡಿನ ಬೆಳ್ಳಿಯನ್ನು ಗುರುತಿಸುವುದು ಸುಲಭ. ನಡೆಯುವ ಸಿಂಹದ ಮುದ್ರೆಯಿದ್ದರೆ ಸಾವಿರಕ್ಕೆ ೯೨೫ ಪಾಲು ಬೆಳ್ಳಿ, ಚಿರತೆಯ ಮುಖವಿದ್ದರೆ ಲಂಡನ್, ಲಂಗರವಿದ್ದರೆ ಬರ್ಮಿಂಗ್‌ಹ್ಯಾಮ್, ಪಕ್ಕದ ಒಂಟಿ ಅಕ್ಷರ ವರ್ಷವನ್ನು ಹೇಳುವುದು. ಸಾಸಿವೆಯಷ್ಟು ಜಾಗದಲ್ಲಿ ಇಷ್ಟೊಂದು ಸಮಾಚಾರವನ್ನಡಗಿಸಿದ ಶಾಸನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಜಪಾನಿನ ಹಯಕಾವ ತೊಕುಜಿ ಎಂಬ ಲೋಹಗೆಲಸದವನು ೧೯೧೫ರಲ್ಲಿ ಒಂದು ಗಟ್ಟಿಯಾದ ತಿರುಪು ಪೆನ್ಸಿಲನ್ನು ನಿರ್ಮಿಸಿದನು. ಅದಕ್ಕೆ "ಶಾರ್ಪ್" ಎಂಬ ಹೆಸರು ಬಂದಿತು. ೧೯೨೩ರ ಮಹಾಭೂಕಂಪದಲ್ಲಿ ಅವನು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಾರ್ಖಾನೆಯನ್ನೂ ಕಳೆದುಕೊಂಡನು. ಪೆನ್ಸಿಲಿನ ವ್ಯಾಪಾರವನ್ನು ಬಿಟ್ಟುಕೊಟ್ಟು ಓಸಾಕಾ ನಗರಕ್ಕೆ ಹೋಗಿ ರೇಡಿಯೋ ತಯಾರಿಕೆಯನ್ನು ಕೈಗೊಂಡನು. ಇಂದು ದೂರದರ್ಶನ ಯಂತ್ರಗಳ ಮೇಲೆ ಕಾಣುವ ಶಾರ್ಪ್ ಎಂಬ ಹೆಸರು ಆ ಪೆನ್ಸಿಲಿನದೇ ಎಂಬುದನ್ನು ಬಲ್ಲವರು ಕಡಮೆ. ಹಳೆಯ ತಿರುಪು ಪೆನ್ಸಿಲಿಗೆ ಕಡ್ಡಿ ಹಾಕುವವರು ಒಂದನ್ನು ಗಮನಿಸಬೇಕು. ಇಂದಿನ ಅಂಗಡಿಯ ಕಡ್ಡಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನದು. ಹಳೆಯವುಗಳಲ್ಲಿ ಬಹಳಕ್ಕೆ ೧.೧೮ ಮಿಲಿಮೀಟರಿನ ಕಡ್ಡಿ ಬೇಕು. ಕಡ್ಡಿ ನಿಲ್ಲದೆಂದು ಬಿಸಾಡಿದ ಎಷ್ಟೋ ಪೆನ್ಸಿಲುಗಳಲ್ಲಿ ದೋಷವೇ ಇರುವುದಿಲ್ಲ.

ನಮ್ಮ ದೇಶದ ಲೇಖನಿಗಳೂ ಸಂಗ್ರಹಕ್ಕೆ ಅಯೋಗ್ಯವಲ್ಲ. ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ೧೯೩೨ರಲ್ಲಿ ಸ್ವದೇಶಿ ಫೌಂಟನ್ ಪೆನ್ನುಗಳ ತಯಾರಿಕೆಯನ್ನು ಆರಂಭಿಸಿದರು. ಅವರ ಪೆನ್ನನ್ನು ಮೆಚ್ಚಿ ಗಾಂಧೀಜಿಯವರು ೧೯೩೫ರಲ್ಲಿ ಅವರಿಗೆ ಪತ್ರ ಬರೆದರು. ಮುಂಬಯಿಯ ದಾಂಡೇಕರರು ೧೯೩೧ರಲ್ಲಿ ಮಸಿಯ ಪುಡಿಯಿಂದ ತೊಡಗಿದ ಉದ್ಯಮವೇ ಮುಂದೆ ಕ್ಯಾಮ್ಲಿನ್ ಆಯಿತು. ಬಂಗಾಳದ ಮೈತ್ರ ಸಹೋದರರ "ಸುಲೇಖಾ" ಮಸಿ ೧೯೩೪ರದ್ದು. ೧೯೭೦ರ ದಶಕದಲ್ಲಿ ನಾನು ಓದುತ್ತಿದ್ದಾಗ ಬಾಲ್‌ಪೆನ್ನಿನಿಂದ ಅಕ್ಷರ ಕೆಡುವುದೆಂದು ಉಪಾಧ್ಯಾಯರು ಅದನ್ನು ಮುಟ್ಟಗೊಡುತ್ತಿರಲಿಲ್ಲ. ನಮ್ಮೆಲ್ಲರ ಬೆರಳುಗಳೂ ನೀಲಿಯಾಗಿರುತ್ತಿದ್ದವು. ಮಸಿ ಮುಗಿಯುತ್ತ ಬಂದಂತೆ ಒಡಲಿನೊಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಮಸಿಯನ್ನು ಹೊರದೂಡುವುದೆಂಬ ಕಾರಣ ತಿಳಿದದ್ದು ಬಹಳ ವರ್ಷಗಳ ಮೇಲೆ.

ಕೊನೆಯದು ಶಬ್ದ. ಇದೇ ಅತ್ಯಂತ ಸೂಕ್ಷ್ಮವಾದದ್ದು. ವಾಟರ್‌ಮನ್ ವಿಮಾ ಪ್ರತಿನಿಧಿಯಾಗಿದ್ದನೆಂದೂ, ಕರಾರುಪತ್ರದ ಮೇಲೆ ಮಸಿ ಚೆಲ್ಲಿ ವ್ಯವಹಾರ ಕೈತಪ್ಪಿದ್ದರಿಂದಲೇ ಹೊಸ ಪೆನ್ನನ್ನು ಕಂಡುಹಿಡಿದನೆಂದೂ ಒಂದು ಕಥೆ ಲೋಕದಲ್ಲಿ ಪ್ರಚಾರದಲ್ಲಿರುವುದು. ಅದಕ್ಕೆ ಅವನ ಕಾಲದ ಆಧಾರವಿಲ್ಲವೆಂದೂ, ಕಂಪೆನಿಯ ಪ್ರಚಾರದಿಂದ ಬೆಳೆದ ಕಥೆಯೆಂದೂ ಶೋಧಕರು ಹೇಳುವರು. ಕಂಪೆನಿಗಳ ಕಥೆಯನ್ನು ಅಲ್ಲಗಳೆಯುವುದರಿಂದ ಯಾರ ಮನಸ್ಸಿಗೂ ನೋವಿಲ್ಲ. ಮನೆತನದ ಕಥೆಯ ಮಾತು ಹಾಗಲ್ಲ.

ಕೆಲವು ವರ್ಷಗಳ ಕೆಳಗೆ ನಮ್ಮ ಬೀದಿಯ ವೃದ್ಧೆಯೊಬ್ಬರು, ಎಂಬತ್ತು ದಾಟಿದವರು, ಮೊಮ್ಮಗನೊಡನೆ ಬಂದು ಒಂದು ಪೆನ್ನನ್ನು ನನ್ನ ಮುಂದಿಟ್ಟರು. ರೇಷ್ಮೆಯ ಬಟ್ಟೆಯಲ್ಲಿ ಸುತ್ತಿತ್ತು. ಮುಚ್ಚಳದ ಅಂಚಿನಲ್ಲಿ ಒಣಗಿದ ಕುಂಕುಮವಿತ್ತು. ಅದು ಅವರ ತಾತನದೆಂದು ಮನೆಯಲ್ಲಿ ಪ್ರತೀತಿ. ತಾತ ಹೆಸರುವಾಸಿಯಾದ ವಕೀಲರು. ೧೯೩೧ರಲ್ಲಿ ಮಗನ ಮದುವೆಯ ಲಗ್ನಪತ್ರಿಕೆಯನ್ನು ಅದೇ ಪೆನ್ನಿನಿಂದ ಬರೆದರಂತೆ, ೧೯೪೩ರಲ್ಲಿ ಕಾಲವಾದರು. ಅಂದಿನಿಂದ ಪ್ರತಿ ಆಯುಧಪೂಜೆಯಲ್ಲಿಯೂ ಪೆನ್ನಿಗೆ ಪೂಜೆ. ಮನೆತನದ ಕೂಟವೊಂದರಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬೇಕೆಂದು ಮೊಮ್ಮಗನ ಆಸೆ. ತಾತನ ಹೆಸರು ಹಾಕಿ ಒಂದು ಪ್ರಮಾಣಪತ್ರ ಬರೆದುಕೊಡಬೇಕೆಂದು ಕೇಳಿದನು.

ನೋಡಿದೊಡನೆಯೇ ಅದು ಪಾರ್ಕರ್ ೫೧ ಎಂದು ತಿಳಿಯಿತು. ಒಡಲನ್ನು ತಿರುಗಿಸಿ ತೆಗೆದರೆ ಒಳಗೆ ಲೋಹದ ಕವಚ. ಅದರ ಮೇಲೆ ಪಟ್ಟಿಯನ್ನೊತ್ತಿ ಮಸಿ ತುಂಬಬೇಕೆಂಬ ಸೂಚನೆ ಕೊರೆದಿತ್ತು. ಎಂದಮೇಲೆ ೧೯೪೮ಕ್ಕಿಂತ ಹಿಂದಿನದಲ್ಲ. ತಾತ ತೀರಿಕೊಂಡು ಆಗಲೇ ಐದು ವರ್ಷ. ಇನ್ನೊಂದು ವಿಶೇಷವೂ ಭೂತಗನ್ನಡಿಗೆ ಕಂಡಿತು. ನಿಬ್ಬಿನ ತುದಿ ಬರೆಯುವವನ ಕೈಗೆ ತಕ್ಕಂತೆ ಸವೆಯುವುದು. ಬಲಗೈಯವರ ಪೆನ್ನಿನಲ್ಲಿ ಸವೆಯುವ ಬದಿ ಇಲ್ಲಿ ಗುಂಡಾಗಿಯೇ ಇತ್ತು. ಸವೆದದ್ದು ಅದರ ಎದುರು ಬದಿ.

ಸತ್ಯವನ್ನು ಹೇಳಬೇಕು, ಹೇಳುವುದು ಪ್ರಿಯವಾಗಿಯೂ ಇರಬೇಕು ಎಂದು ನಮ್ಮ ಹಿರಿಯರು ವಿಧಿಸಿರುವರು. ಎರಡೂ ಕೂಡಿಬರದ ಸಂದರ್ಭದಲ್ಲಿ ಬಡ ಪರೀಕ್ಷಕನು ಮಾಡತಕ್ಕದ್ದೇನು? ಆ ತಾಯಿಯ ವಯಸ್ಸಿನಲ್ಲಿ ಒಂದು ನಂಬಿಕೆಯನ್ನು ಕಿತ್ತುಕೊಳ್ಳುವುದು ಸಣ್ಣ ಮಾತಲ್ಲ. ನಾನು ಉತ್ತರವನ್ನು ಕೊಡದೆ ಒಂದು ಪ್ರಶ್ನೆಯನ್ನು ಕೇಳಿದೆನು: "ನಿಮ್ಮ ಮನೆಯಲ್ಲಿ ಎಡಗೈಯಿಂದ ಬರೆಯುವವರು ಯಾರಾದರೂ ಇದ್ದರೆ, ತಾಯಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ" ಎಂದರು. ಆಮೇಲೆ ಒಂದೊಂದಾಗಿ ಹೇಳಿದರು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಎಡಗೈಯೆಂದು ವಕೀಲ ತಾತ ಬಾಲ್ಯದಲ್ಲಿ ಎಷ್ಟು ದಂಡಿಸಿದರೂ ಊಟ ಮಾತ್ರ ಬಲಗೈಗೆ ಬಂತು. ಬರೆಹ ಎಡಗೈಯಲ್ಲಿಯೇ ಉಳಿಯಿತು. ಮಗಳು ಗಂಡನ ಮನೆಗೆ ಹೋದಮೇಲೆ ಪ್ರತಿ ತಿಂಗಳ ಸಂಬಳದ ದಿನ ಒಂದು ಕಾಗದ ಬರೆಯುತ್ತಿದ್ದರು. ಅವರು ಹೋಗಿ ಐವತ್ತು ವರ್ಷ ಸಮೀಪಿಸಿತು. ಮನೆಯಲ್ಲಿ ತಾತನ ದೊಡ್ಡ ಭಾವಚಿತ್ರವಿದೆ. ಅಪ್ಪನದು ಒಂದೂ ಇಲ್ಲ.

ಆಗ ನಾನು ಕಂಡದ್ದನ್ನು ಕಂಡಂತೆ ಹೇಳಿದೆನು. ಮೊಮ್ಮಗನ ಮುಖ ಬಾಡಿತು. ಹೆಸರಾಂತ ವಕೀಲರ ಪೆನ್ನು ಗುಮಾಸ್ತರ ಪೆನ್ನಾಯಿತಲ್ಲ ಎಂಬ ನಿರಾಶೆ. ವೃದ್ಧೆ ಮಾತ್ರ ಪೆನ್ನನ್ನು ಕೈಗೆ ತೆಗೆದುಕೊಂಡು, "ಹಾಗಾದರೆ ಇಷ್ಟು ವರ್ಷ ಕುಂಕುಮವಿಟ್ಟದ್ದು ಅಪ್ಪನಿಗೇ" ಎಂದರು. ಮರುದಿನ ಟ್ರಂಕಿನಿಂದ ತಂದೆಯ ಕಾಗದಗಳ ಕಟ್ಟನ್ನು ಕಳುಹಿಸಿಕೊಟ್ಟರು. ಪೆನ್ನನ್ನು ತಣ್ಣೀರಿನಲ್ಲಿ ತೊಳೆದು ಮಸಿ ತುಂಬಿಸಿದೆನು. ಆ ಪೆನ್ನುಗಳ ಚೀಲ ರಬ್ಬರಿನದಲ್ಲವಾದ್ದರಿಂದ ಎಪ್ಪತ್ತು ವರ್ಷದ ಮೇಲೂ ಕೆಡದೆ ಕೆಲಸಮಾಡಿತು. ಗೆರೆಯ ದಪ್ಪವೂ ಕಾಗದಗಳ ಬರೆಹಕ್ಕೆ ಹೊಂದುತ್ತಿತ್ತು. ಪ್ರಮಾಣಪತ್ರದಲ್ಲಿ ನಾನು ಬರೆದದ್ದು ಎರಡೇ ವಾಕ್ಯ: "ಇದು ೧೯೪೮ರಲ್ಲಿ ಅಥವಾ ಅನಂತರ ತಯಾರಾದದ್ದೆಂಬುದು ನಿಶ್ಚಯ. ಎಡಗೈಯಿಂದ ಬರೆಯುತ್ತಿದ್ದ ತಂದೆಯವರದೆಂಬುದು ಬಲವಾದ ಅನುಮಾನ." ನಿಶ್ಚಯವನ್ನೂ ಅನುಮಾನವನ್ನೂ ಬೆರೆಸದಿರುವುದು ನ್ಯಾಯಶಾಸ್ತ್ರ ನನಗೆ ಕಲಿಸಿದ ಮೊದಲ ಪಾಠ. ಗಾಜಿನ ಪೆಟ್ಟಿಗೆಯಲ್ಲಿ ಪೆನ್ನಿನ ಪಕ್ಕಕ್ಕೆ ಆ ಕಾಗದಗಳಲ್ಲೊಂದನ್ನು ಇಟ್ಟಿದ್ದರೆಂದು ಅನಂತರ ಕೇಳಿದೆನು.

ವಸ್ತುವಿನ ನಿಜವನ್ನು ತಿಳಿದರೆ ಅದರ ಗೌರವ ಕಡಮೆಯಾದೀತೆಂದು ಹೆದರುವವರುಂಟು. ಹಾಗಾಗಬೇಕಾಗಿಲ್ಲ. ಮನೆಯ ನೆನಪು ಸಹಜವಾಗಿ ದೊಡ್ಡವರ ಕಡೆಗೆ ವಾಲುವುದು. ಒಳ್ಳೆಯದೆಲ್ಲವನ್ನೂ ಹೆಸರು ಪಡೆದ ಒಬ್ಬರ ಲೆಕ್ಕಕ್ಕೆ ಬರೆಯುವುದು. ವಸ್ತುವಿಗೆ ಆ ಪಕ್ಷಪಾತವಿಲ್ಲ. ಯಾರು ಬರೆದರೋ ಅವರ ಕೈಗೆ ತಕ್ಕಂತೆ ಸವೆದು ಅದು ಸುಮ್ಮನಿರುವುದು.

ಗೃಹಸ್ಥರಾದ ವಾಚಕರಲ್ಲಿ ಒಂದೆರಡು ಬಿನ್ನಹಗಳು. ಮನೆಯಲ್ಲಿ ಹಳೆಯ ಪೆನ್ನು ಸಿಕ್ಕಿದರೆ ಬಿಸಿನೀರನ್ನೂ ಸ್ಪಿರಿಟ್ಟನ್ನೂ ಸೋಕಿಸಬೇಡಿರಿ. ಸನ್ನೆ ಬಿಗಿಯಾಗಿದ್ದರೆ ಬಲವಂತವಾಗಿ ಎತ್ತಬೇಡಿರಿ. ಒಳಗಿನ ಚೀಲ ಕಲ್ಲಾಗಿರುವುದು, ಬಲ್ಲವರಿಂದ ಬದಲಾಯಿಸಿಕೊಳ್ಳಬಹುದು. ಒಡಲಿನ ಮೇಲೆ ಕೊರೆದ ಹೆಸರಿದ್ದರೆ, ಉಜ್ಜಿ ಅಳಿಸಿದಲ್ಲಿ ಹೆಚ್ಚು ಬೆಲೆ ಬರುವುದೆಂದು ಹೇಳುವ ವ್ಯಾಪಾರಿಗಳುಂಟು. ಆ ಮಾತಿಗೆ ಕಿವಿಗೊಡಬೇಡಿರಿ. ಅಳಿಸಿದ ಹೆಸರನ್ನು ಮತ್ತೆ ಯಾವ ಪ್ರಮಾಣದಿಂದಲೂ ಪಡೆಯಲಾಗದು. ಮತ್ತು ನೀವು ಈಗ ಬರೆಯುತ್ತಿರುವ ಪೆನ್ನು ಎಷ್ಟೇ ಅಲ್ಪಬೆಲೆಯದಾಗಿರಲಿ, ಯಾರದು, ಯಾವ ವರ್ಷ ಕೊಂಡದ್ದು, ಅದರಿಂದ ಏನು ಬರೆದದ್ದು ಎಂದು ಒಂದು ಚೀಟಿಯಲ್ಲಿ ಗುರುತುಹಾಕಿ ಅದರ ಜೊತೆಗಿಡಿರಿ. ಮುಂದಿನವರು ಭೂತಗನ್ನಡಿ ಹಿಡಿದು ನಿಮ್ಮನ್ನು ಹುಡುಕುವ ಶ್ರಮ ತಪ್ಪುವುದು.